ಅಗಸ್ಟೀನರ ಹತ್ತನೆಯ ಭಾಗ

ಸಂತ ಅಗಸ್ಟೀನರ ‘ಕನ್ಫೆಷನ್ಸ್’ ಕೃತಿಯನ್ನು ನಮ್ಮ ಪ್ರಬೋಧನೆಗಳು ಎಂಟನೆಯ ಭಾಗದಲ್ಲಿಯೇ ಮುಗಿಸಿಬಿಡುತ್ತವೆ: 386ರ ಮಿಲಾನ್, ತೋಟ, ಮಗುವಿನ ದನಿ, ಪೌಲರ ಪತ್ರ. ಕೃತಿಯಲ್ಲಿರುವುದು 13 ಭಾಗಗಳು. ಹತ್ತನೆಯದರಲ್ಲಿ ಮಾತನಾಡುವವರು ಜ್ಞಾನಸ್ನಾನವಾಗಿ ಸುಮಾರು ಹತ್ತು ವರ್ಷ ಕಳೆದ ಹಿಪ್ಪೋ ಧರ್ಮಾಧ್ಯಕ್ಷರು. ಹಳೆಯ ಬಯಕೆ ಕನಸಿನಲ್ಲಿ ಮರಳುವುದನ್ನೂ, ಊಟದ ಆಸೆಯನ್ನೂ, ಹೊಗಳಿಕೆಗೆ ಮನಸ್ಸು ಸೋಲುವುದನ್ನೂ ಅವರು ವರ್ತಮಾನಕಾಲದಲ್ಲಿಯೇ ಹೇಳುತ್ತಾರೆ. (ಕೀರ್ತನೆಯ ರಾಗವನ್ನು ಸವಿಯುವುದಕ್ಕೂ ಅಂಜುವುದು ಅತಿಯಾಯಿತೆಂದೇ ನನ್ನ ಎಣಿಕೆ.) ಆ ಕ್ರಿಯಾಪದಗಳ ಕಾಲದಲ್ಲಿಯೇ ಕೃತಿಯ ದೈವಶಾಸ್ತ್ರವಿದೆ: ಕೃಪೆ ಹೊಸ ಬಾಳನ್ನು ಆರಂಭಿಸಿದ ಮೇಲೂ ಹೋರಾಟ ಉಳಿದಿದೆ. ತೋಟದಲ್ಲಿಯೇ ಕಥೆ ನಿಲ್ಲಿಸುವ ಬೋಧಕನನ್ನು ಕೇಳಿದವನು, ಮತ್ತೆ ಕುಡಿತಕ್ಕೆ ಜಾರಿದ ದಿನ, ತನ್ನ ಪರಿವರ್ತನೆಯೇ ಸುಳ್ಳಾಗಿತ್ತೆಂದು ನಂಬುತ್ತಾನೆ. ಪಾಪನಿವೇದನೆಗೆ ಬರುವುದನ್ನೇ ಬಿಡುತ್ತಾನೆ.