ಹಸಿರು ತಂತಿಯ ನಿಯಮ: ಸಣ್ಣ ದೋಣಿಗಳ ವಿದ್ಯುತ್ ಕಟ್ಟಳೆಗಳನ್ನು ಕುರಿತು ಒಂದು ವಿಮರ್ಶೆ

ಶಾಸನಗಳನ್ನೂ ಕಡತಗಳನ್ನೂ ಓದುವವರಾದ ನಾವು ಸಣ್ಣ ದೋಣಿಗಳ ವಿದ್ಯುತ್ ತಂತಿಗಳಿಗೆ ಸಂಬಂಧಪಟ್ಟ ಕಟ್ಟಳೆಗಳನ್ನು ವಿಮರ್ಶೆಗೆ ಎತ್ತಿಕೊಂಡಿರುವುದು ವಾಚಕರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಸುರಕ್ಷತೆಯ ನಿಯಮವೂ ಒಂದು ಐತಿಹಾಸಿಕ ದಾಖಲೆಯೇ. ಅನೇಕ ವೇಳೆ ಅನಾಹುತವೊಂದು ನಡೆದು, ಅದರ ಕಾರಣವನ್ನು ಯಾರಾದರೂ ಗುರುತಿಸಿ ಬರೆದಿಟ್ಟ ಮೇಲೆಯೇ ಅದು ಹುಟ್ಟುತ್ತದೆ. ಹಾಗಾದರೆ ಗುರುತನ್ನೇ ಉಳಿಸದ ಅನಾಹುತಕ್ಕೆ ನಿಯಮ ಹೇಗೆ ಹುಟ್ಟೀತು? ಅಮೆರಿಕ ಸಂಯುಕ್ತ ಸಂಸ್ಥಾನದ ಕಟ್ಟಳೆಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆ ದೇಶದಲ್ಲಿ ಮುಖ್ಯವಾಗಿ ಮೂರು ಬಗೆಯ ಬರಹಗಳು ಈ ವಿಷಯಕ್ಕೆ ಅನ್ವಯಿಸುತ್ತವೆ. ಮೊದಲನೆಯದು, 1954ರಲ್ಲಿ ಸ್ಥಾಪಿತವಾದ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಪ್ರಕಟಿಸುವ ಇ-11 ಎಂಬ ಮಾನಕ. ಇದರ ಪಾಲನೆ ಐಚ್ಛಿಕ. ಎರಡನೆಯದು, 1971ರ ದೋಣಿ ಸುರಕ್ಷತಾ ಕಾಯಿದೆಯ ತರುವಾಯ ಬಂದ ಸರ್ಕಾರಿ ನಿಯಮಗಳು, ಇವು ಕಡ್ಡಾಯ. ಮೂರನೆಯದು, ದೋಣಿಗಳನ್ನು ಕಟ್ಟುವ ಕಟ್ಟೆಗಳಿಗೆ ಅನ್ವಯಿಸುವ ರಾಷ್ಟ್ರೀಯ ವಿದ್ಯುತ್ ಸಂಹಿತೆ.

ಸರ್ಕಾರಿ ನಿಯಮಗಳ ದೃಷ್ಟಿಯೆಲ್ಲ ಬೆಂಕಿಯ ಮೇಲೆಯೇ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಒಂದು ಕಿಡಿ ತಾಗಿದರೆ ಸಾಕು. ಆದಕಾರಣ ಎಂಜಿನ್ನಿನ ಬಳಿಯ ವಿದ್ಯುತ್ ಸಾಧನಗಳು ಆವಿಗೆ ಬೆಂಕಿ ಹತ್ತಿಸದಂತೆ ರಚಿತವಾಗಿರಬೇಕು. ತಂತಿ ಹಲವು ಎಳೆಗಳ ತಾಮ್ರದ್ದೇ ಆಗಿರಬೇಕು. ಒಂಟಿ ಎಳೆಯ ತಂತಿ ಸತತ ಅದಿರಾಟಕ್ಕೆ ಮುರಿಯುತ್ತದೆ. ನಿಗದಿಯಾದ ಬಲದಿಂದ ಎಳೆದರೂ ಬ್ಯಾಟರಿ ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಬಾರದು. ಇವೆಲ್ಲವೂ ಯುಕ್ತವಾದ ವಿಧಿಗಳೇ. ಬೆಂಕಿ ತನ್ನ ಸಾಕ್ಷ್ಯವನ್ನು ಬಿಟ್ಟು ಹೋಗುತ್ತದೆ. ಸುಟ್ಟ ಹಲಗೆಯೂ ಕರಗಿದ ತಾಮ್ರವೂ ವಿಚಾರಣೆಗೆ ದೊರೆಯುತ್ತವೆ. ಆದುದರಿಂದಲೇ ಬೆಂಕಿಯನ್ನು ಕುರಿತ ನಿಯಮಗಳು ಬೇಗ ಬಂದವು, ವಿಶದವಾಗಿಯೂ ಬಂದವು.

ಇನ್ನೊಂದು ಬಗೆಯ ಸಾವು ಹೀಗಲ್ಲ. ಕಟ್ಟೆಗೆ ಕಟ್ಟಿದ ದೋಣಿ ದಡದಿಂದ ವಿದ್ಯುತ್ತನ್ನು ಪಡೆಯುತ್ತಿರುವಾಗ, ದೋಷದಿಂದ ಪ್ರವಾಹ ನೀರಿಗೆ ಸೋರಬಹುದು. ಉಪ್ಪುನೀರು ಮನುಷ್ಯದೇಹಕ್ಕಿಂತ ಬಹಳ ಉತ್ತಮ ವಾಹಕವಾದ್ದರಿಂದ, ಕಡಲಿನಲ್ಲಿ ಪ್ರವಾಹ ಬಹುಮಟ್ಟಿಗೆ ದೇಹವನ್ನು ಬಳಸಿ ಹೋಗುತ್ತದೆ. ಹೊಳೆ ಕೆರೆಗಳ ಸಿಹಿನೀರಿನಲ್ಲಾದರೋ ದೇಹವೇ ಉತ್ತಮ ವಾಹಕ. ಹತ್ತಾರು ಮಿಲಿಆಂಪಿಯರ್ ಹರಿದರೂ ಈಜುವವನ ಸ್ನಾಯುಗಳು ಸೆಟೆದು ನಿಲ್ಲುತ್ತವೆ, ಅವನು ಮುಳುಗುತ್ತಾನೆ. ಮೈಮೇಲೆ ಸುಟ್ಟ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಶವಪರೀಕ್ಷೆಯಲ್ಲಿ ಕಾಣುವುದು ನೀರಿನಲ್ಲಿ ಮುಳುಗಿದ ಲಕ್ಷಣ. ದಾಖಲೆಗೆ ಹೋಗುವುದೂ ಅದೇ ಮಾತು. ಇಂತಹ ಸಾವುಗಳ ನಿಜವಾದ ಸಂಖ್ಯೆಯನ್ನು ಅಧಿಕೃತ ಪಟ್ಟಿಗಳಿಂದ ಎಣಿಸಲಾಗದಿರುವುದಕ್ಕೆ ಇದೇ ಕಾರಣ.

ಇದನ್ನು ತಡೆಯುವ ಮೊದಲ ಸಾಧನ ಭೂಸಂಪರ್ಕದ ಹಸಿರು ತಂತಿ. ಸೋರಿದ ಪ್ರವಾಹ ನೀರಿಗೆ ಇಳಿಯದೆ ಈ ತಂತಿಯ ಮೂಲಕ ದಡಕ್ಕೆ ಮರಳಬೇಕೆಂಬುದು ಅದರ ತತ್ತ್ವ. ದೋಣಿಯ ಬ್ಯಾಟರಿಯ ಋಣಭಾಗವನ್ನೂ ಇದಕ್ಕೆ ಜೋಡಿಸಬೇಕೆಂದು ಇ-11 ವಿಧಿಸುತ್ತದೆ. ಆದರೆ ಇದೇ ತಂತಿ ನೆರೆಯ ದೋಣಿಗಳ ಲೋಹಭಾಗಗಳನ್ನು ಒಂದಕ್ಕೊಂದು ಜೋಡಿಸಿಬಿಡುತ್ತದೆ. ಆಗ ನೀರಿನಲ್ಲಿ ಒಂದು ಬ್ಯಾಟರಿಯೇ ಏರ್ಪಟ್ಟು, ರಕ್ಷಣೆಗಾಗಿ ತೊಡಿಸಿದ ಸತುವಿನ ತುಂಡುಗಳು ಬೇಗನೆ ಸವೆಯುತ್ತವೆ. ಸವೆದ ಸತುವು ಯಜಮಾನನ ಕಣ್ಣಿಗೆ ಕಾಣುತ್ತದೆ. ಈಜುಗಾರನ ಅಪಾಯ ಕಾಣುವುದಿಲ್ಲ. ಸತುವನ್ನು ಉಳಿಸಲೆಂದು ಹಸಿರು ತಂತಿಯನ್ನು ಕಡಿದವರುಂಟು. ಅಲ್ಪ ವೋಲ್ಟಿನ ನೇರ ಪ್ರವಾಹವನ್ನು ತಡೆದು, ದೋಷದ ಪ್ರವಾಹಕ್ಕೆ ದಾರಿ ಬಿಡುವ ಸಾಧನ ಅಂಗಡಿಗಳಲ್ಲಿ ದೊರೆಯುವಾಗ ತಂತಿಯನ್ನು ಕಡಿಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಎರಡನೆಯ ಸಾಧನ, ಸೋರಿಕೆಯನ್ನು ಅರಿತು ಪ್ರವಾಹವನ್ನು ಕಡಿಯುವ ಸ್ವಿಚ್ಚು. ಇ-11ರ ಪ್ರಕಾರ ದೋಣಿಯೊಳಗಿನ ಸ್ವಿಚ್ಚು 30 ಮಿಲಿಆಂಪಿಯರ್ ಸೋರಿಕೆಗೆ, ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ, ಕೆಲಸ ಮಾಡಬೇಕು. ಕಟ್ಟೆಯ ವಿಷಯದಲ್ಲಿ ವಿದ್ಯುತ್ ಸಂಹಿತೆಯ 2011ರ ಆವೃತ್ತಿ 100 ಮಿಲಿಆಂಪಿಯರ್ ಮಿತಿಯನ್ನು ಗೊತ್ತುಮಾಡಿತು; 2017ರ ಆವೃತ್ತಿ ಅದನ್ನು 30ಕ್ಕೆ ಇಳಿಸಿತು; 2020ರ ಆವೃತ್ತಿ ಒಂದೊಂದು ದೋಣಿಯ ಸಂಪರ್ಕಕ್ಕೆ 30 ಎಂದೂ, ಕಟ್ಟೆಗೆ ವಿದ್ಯುತ್ತನ್ನು ತರುವ ಮುಖ್ಯ ತಂತಿಗಳಿಗೆ 100 ಎಂದೂ ವಿಂಗಡಿಸಿತು. ಹಲವು ದೋಣಿಗಳ ಅಲ್ಪ ಸೋರಿಕೆಗಳು ಕೂಡಿಕೊಂಡರೆ ದೋಷವಿಲ್ಲದಿದ್ದರೂ ಕಟ್ಟೆಯೆಲ್ಲ ಕತ್ತಲಾಗುತ್ತದೆ. ಹೀಗೆ ಪದೇ ಪದೇ ಬೇಸತ್ತವನು ಸ್ವಿಚ್ಚನ್ನೇ ಕಿತ್ತುಹಾಕುವ ಭಯವುಂಟು. ಆದ್ದರಿಂದ ಈ ವಿಂಗಡಣೆ ವಿವೇಕವುಳ್ಳದ್ದೇ.

ನಮ್ಮ ಆಕ್ಷೇಪಣೆ ಅಂಕಿಗಳ ಮೇಲಲ್ಲ, ನಿರೂಪಣೆಯ ಮೇಲೆ. ಬದಲಾವಣೆಯ ಕಾರಣಗಳು ಸಮಿತಿಗಳ ಪ್ರತ್ಯೇಕ ವರದಿಗಳಲ್ಲಿ ಸೇರಿಹೋಗುತ್ತವೆ. ತಂತಿ ಜೋಡಿಸುವವನ ಕೈಗೆ ಬರುವುದು ಬರಿಯ ಆಜ್ಞೆ. ನಿಯಮ ಸಂಕ್ಷಿಪ್ತವಾಗಿರಬೇಕೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಂಕಿಯ ಭಯವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಕಾಣದ ಅಪಾಯವನ್ನು ವಿವರಿಸದೆ ವಿಧಿಯಿಲ್ಲ. ಹಸಿರು ತಂತಿಯ ವಿಧಿಯ ಕೆಳಗೆ ‘ಇದನ್ನು ಕಡಿದರೆ ನೀರಿನಲ್ಲಿರುವವನು ಸಾಯಬಹುದು’ ಎಂಬ ಒಂದೇ ವಾಕ್ಯವಿದ್ದರೂ ಇಕ್ಕಳ ಹಿಡಿದ ಕೈ ಹಿಂಜರಿದೀತು.

ಇತಿಹಾಸದ ವಿದ್ಯಾರ್ಥಿಗಳಿಗೂ ಇದರಲ್ಲಿ ಒಂದು ಪಾಠವಿದೆ. ಮರಣದ ದಾಖಲೆಯಲ್ಲಿ ‘ಮುಳುಗಿ ಮೃತ’ ಎಂದು ಕಂಡಾಗ, ಎಲ್ಲಿ, ಯಾವ ನೀರಿನಲ್ಲಿ, ಸಮೀಪದಲ್ಲಿ ಏನಿತ್ತು ಎಂದು ಕೇಳುವುದನ್ನು ಅವರು ರೂಢಿಸಿಕೊಳ್ಳಬೇಕು. ಭೌತಶಾಸ್ತ್ರದ ತತ್ತ್ವಕ್ಕೆ ದೇಶದ ಗಡಿಯಿಲ್ಲ. ದಡದ ವಿದ್ಯುತ್ತು ಸಿಹಿನೀರಿನ ದೋಣಿಗೆ ಹರಿಯುವ ಎಡೆಯಲ್ಲೆಲ್ಲ ಈ ಅಪಾಯವುಂಟು. ಅಂತಹ ಕಟ್ಟೆಯ ಬಳಿ ಈಜಬಾರದು. ಅಲ್ಲಿ ಒಬ್ಬನು ನೀರಿನಲ್ಲಿ ಒದ್ದಾಡುತ್ತಿರುವುದನ್ನು ಕಂಡರೆ ನೀರಿಗೆ ಧುಮುಕದೆ ಮೊದಲು ವಿದ್ಯುತ್ತನ್ನು ನಿಲ್ಲಿಸಬೇಕು, ಬಳಿಕ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಬೇಕು.