ಮನೆಯೊಳಗೇ ಇದ್ದ ಉತ್ತರಾಧಿಕಾರಿ

ಬೆಲ್ಜಿಯಂನ ವಸ್ತ್ರವಿನ್ಯಾಸಕ ಡ್ರೀಸ್ ವಾನ್ ನೋಟೆನ್ ತಾವು ಹಿಂದೆ ಸರಿಯುವುದಾಗಿ 2024ರ ಮಾರ್ಚ್‌ನಲ್ಲಿ ತಿಳಿಸಿದರು. ಜೂನ್‌ನಲ್ಲಿ ಪ್ಯಾರಿಸ್ ಹೊರವಲಯದ ಲಾ ಕೂರ್ನವ್‌ನಲ್ಲಿ ಗಂಡಸರ ಉಡುಪುಗಳ ಕೊನೆಯ ಪ್ರದರ್ಶನ ನಡೆಸಿ, ಮೂವತ್ತೆಂಟು ವರ್ಷದ ಕೆಲಸ ಮುಗಿಸಿದರು. ಡಿಸೆಂಬರ್‌ನಲ್ಲಿ ಅವರ ಜಾಗಕ್ಕೆ ಜೂಲಿಯನ್ ಕ್ಲಾಸ್ನರ್ ಹೆಸರು ಹೊರಬಿತ್ತು. ಹೊರಗಿನ ಜನಕ್ಕೆ ಹೆಚ್ಚು ಪರಿಚಯವಿಲ್ಲದ ಹೆಸರು ಅದು. 2018ರಿಂದ ಆಂಟ್ವರ್ಪ್‌ನ ಅದೇ ಸ್ಟುಡಿಯೋದಲ್ಲಿ ದುಡಿಯುತ್ತ ಹೆಂಗಸರ ಉಡುಪಿನ ವಿಭಾಗ ನೋಡಿಕೊಳ್ಳುತ್ತಿದ್ದವರು.

ಫ್ಯಾಷನ್ ಬಗ್ಗೆ ಬರೆಯುವವರಲ್ಲಿ, ಅದರಲ್ಲಿ ಹಣ ಹೂಡುವವರಲ್ಲಿ ಬೇರೂರಿರುವ ಒಂದು ನಂಬಿಕೆ ಇದೆ. ಹಿರಿಯ ವಿನ್ಯಾಸಕರು ಹೋದರೆ ಆ ಜಾಗ ತುಂಬಲು ಅಷ್ಟೇ ದೊಡ್ಡ ಹೆಸರು ಬೇಕು, ಅದೂ ಹೊರಗಿನಿಂದ ಬರಬೇಕು ಎನ್ನುವ ನಂಬಿಕೆ. ಒಳಗಿನ ಸಹಾಯಕರು ಗುರುವಿನ ನಕಲು ಮಾಡಬಲ್ಲರು, ಅದಕ್ಕಿಂತ ಮುಂದೆ ಹೋಗಲಾರರು. ಅವರನ್ನು ಕೂರಿಸುವುದು ಮಾಲೀಕರ ಅಂಜುಬುರುಕತನ ಎಂದು ಇವರು ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹಿರಿಯರು ಬದುಕಿರುವಾಗಲೇ, ಕೆಲಸ ನಡೆಯುತ್ತಿರುವಾಗಲೇ ಕೈಬದಲಾಗುವ ಸಂಸ್ಥೆಗೆ ಒಳಗಿನವರೇ ಸರಿಯಾದ ವಾರಸುದಾರರು. ಕ್ಲಾಸ್ನರ್ ಆಯ್ಕೆ ಈಚಿನ ವರ್ಷಗಳಲ್ಲಿ ಈ ಉದ್ಯಮ ತೆಗೆದುಕೊಂಡ ಅತ್ಯಂತ ವಿವೇಕದ ತೀರ್ಮಾನಗಳಲ್ಲಿ ಒಂದು.

ವಾನ್ ನೋಟೆನ್ ಬಿಟ್ಟುಹೋದದ್ದು ಏನು ಎಂಬುದನ್ನು ಮೊದಲು ನೋಡಬೇಕು. ಅವರ ಅಜ್ಜ ದರ್ಜಿ, ಹಳೆಯ ಬಟ್ಟೆಯ ಒಳಮೈ ಹೊರಗೆ ಮಾಡಿ ಮತ್ತೆ ಹೊಲಿದುಕೊಡುತ್ತಿದ್ದವರು. ಅಪ್ಪನಿಗೆ ಬಟ್ಟೆ ಅಂಗಡಿ. ಆಂಟ್ವರ್ಪ್‌ನ ರಾಯಲ್ ಅಕಾಡೆಮಿಯಲ್ಲಿ ಕಲಿತು, 1986ರಲ್ಲಿ ಐವರು ಗೆಳೆಯರ ಜೊತೆ ಲಂಡನ್ನಿಗೆ ಹೋಗಿ ತಮ್ಮ ಉಡುಪು ತೋರಿಸಿದ ಮೇಲೆ ಈ ಆರು ಮಂದಿಗೆ 'ಆಂಟ್ವರ್ಪ್ ಸಿಕ್ಸ್' ಎಂಬ ಹೆಸರೇ ಬಿತ್ತು. 1989ರಲ್ಲಿ ಊರಿನಲ್ಲೇ ಹೆಟ್ ಮೋಡೆಪಲೇಸ್ ಎಂಬ ಅಂಗಡಿ ತೆರೆದರು. ಜಾಹೀರಾತಿನ ಮೇಲೆ ನಿಂತ ಈ ಉದ್ಯಮದಲ್ಲಿ ಜಾಹೀರಾತನ್ನೇ ಕೊಡದೆ ದಶಕಗಳ ಕಾಲ ವ್ಯಾಪಾರ ನಡೆಸಿದರು. ಒಂದರ ಪಕ್ಕ ಒಂದು ಇರಲಾರವು ಎನಿಸುವ ಬಣ್ಣಗಳನ್ನು, ಹೂವಿನ ಅಚ್ಚುಗಳನ್ನು, ಗಂಡಸರ ಕೋಟಿನ ಬಟ್ಟೆಯನ್ನು ಅವರು ಜೋಡಿಸಿದ ಬಗೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಲಾಗದು.

ನನ್ನ ವಾದಕ್ಕೆ ಇದಕ್ಕಿಂತ ಮುಖ್ಯವಾದದ್ದು ಕೋಲ್ಕತ್ತ. ವೃತ್ತಿಯ ಆರಂಭದ ವರ್ಷಗಳಿಂದಲೂ ವಾನ್ ನೋಟೆನ್ ತಮ್ಮ ಕಸೂತಿ ಕೆಲಸವನ್ನು ಅಲ್ಲಿಯ ಮತ್ತು ಸುತ್ತಲಿನ ಹಳ್ಳಿಗಳ ಕಾರೀಗರರಿಂದ ಮಾಡಿಸಿಕೊಂಡು ಬಂದರು. ಕಸೂತಿ ಫ್ಯಾಷನ್ನಿನಲ್ಲಿ ಇಲ್ಲದ ಋತುವಿನಲ್ಲೂ, ಬಟ್ಟೆ ಸಾದಾ ಇರಬೇಕೆಂದು ಇಡೀ ಪ್ಯಾರಿಸ್ ಹೇಳುವಾಗಲೂ, ತಮ್ಮ ಸಂಗ್ರಹದಲ್ಲಿ ಒಂದಷ್ಟು ಕಸೂತಿ ಇರುವಂತೆ ನೋಡಿಕೊಂಡರು. ಆರ್ಡರ್ ನಿಂತರೆ ಆ ಕೈಗಳು ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತವೆ, ಹೋದ ಕೈಗಳು ವಾಪಸು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕಸೂತಿಯ ಕೆಲಸ ಕಂಡವರಿಗೆ ಇದು ಎಷ್ಟು ನಿಜವೆಂದು ಅರ್ಥವಾಗುತ್ತದೆ. ಚಿತ್ರವನ್ನು ಟ್ರೇಸಿಂಗ್ ಕಾಗದದ ಮೇಲೆ ಬರೆದು, ಗೆರೆಗುಂಟ ಸೂಜಿಯಿಂದ ಸಣ್ಣ ತೂತು ಹೊಡೆದು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಅದರ ಮೇಲೆ ಒರೆಸಿದಾಗ ಬಟ್ಟೆಯ ಮೇಲೆ ಚುಕ್ಕಿಯ ಗೆರೆ ಮೂಡುತ್ತದೆ. ಆ ಬಟ್ಟೆಯನ್ನು ಅಡ್ಡಾ ಎಂಬ ಮರದ ಚೌಕಟ್ಟಿಗೆ ಬಿಗಿದು, ಎರಡೂ ಬದಿ ಜನ ಕೂತು, ಕೊಕ್ಕೆಯಂಥ ಆರಿಯಿಂದ ಮೇಲಿನ ಕೈ ಚುಚ್ಚಿ, ಕೆಳಗಿನ ಕೈ ದಾರ ಕೊಡುತ್ತ ಹೋಗಬೇಕು. ನಮ್ಮ ಮದುವೆ ಬ್ಲೌಸುಗಳ ಮೇಲೆ ಮಾಡಿಸುವ ಆರಿ ವರ್ಕ್ ಕೂಡ ಇದೇ ಕುಲದ್ದು. ಆಂಟ್ವರ್ಪ್‌ನಲ್ಲಿ ಬಿಡಿಸಿದ ಹೂವು ಕೋಲ್ಕತ್ತದ ಅಡ್ಡಾದ ಮೇಲೆ ಬಿಗಿಯಾಗುವುದು ಎಲ್ಲಿ, ಸಡಿಲವಾಗುವುದು ಎಲ್ಲಿ, ಯಾವ ಹೊಲಿಗೆ ಎಷ್ಟು ದಿನ ತಿನ್ನುತ್ತದೆ, ಯಾವ ರೇಷ್ಮೆ ಮಣಿಯ ಭಾರಕ್ಕೆ ಜೋಲುತ್ತದೆ ಎಂಬ ತಿಳಿವಳಿಕೆ ಯಾವ ದಾಖಲೆಯಲ್ಲೂ ಇಲ್ಲ. ಅದು ವರ್ಷಾನುಗಟ್ಟಲೆ ಸ್ಯಾಂಪಲ್ ಕಳಿಸಿ, ತರಿಸಿ, ಬಿಚ್ಚಿಸಿ, ಮತ್ತೆ ಮಾಡಿಸಿದವರ ತಲೆಯಲ್ಲಿ ಮಾತ್ರ ಇರುತ್ತದೆ. ಉತ್ತರಾಧಿಕಾರಿ ಯಾರು ಎಂದು ಕೇಳುವಾಗ ಈ ತಿಳಿವಳಿಕೆ ಯಾರ ಬಳಿ ಇದೆ ಎಂದು ಕೇಳಬೇಕಲ್ಲವೇ? ಹೊರಗಿನಿಂದ ಬರುವ ದೊಡ್ಡ ಹೆಸರು ತನ್ನದೇ ಜನರನ್ನು, ತನ್ನದೇ ಸರಬರಾಜುದಾರರನ್ನು ಕರೆತರುತ್ತದೆ. ಪತ್ರಿಕೆಗಳು ಅದನ್ನು 'ಹೊಸ ಅಧ್ಯಾಯ' ಎಂದು ಬರೆಯುತ್ತವೆ. ಅಡ್ಡಾದ ಮುಂದೆ ಕೂತವರಿಗೆ ಅದು ಕೆಲಸ ನಿಂತ ಸುದ್ದಿ.

2024ರ ಸೆಪ್ಟೆಂಬರ್‌ನಲ್ಲಿ ನಡೆದದ್ದನ್ನು ಜನ ಬೇಗ ಮರೆತರು. ಆಗ ವಾನ್ ನೋಟೆನ್ ಇರಲಿಲ್ಲ, ಹೊಸಬರ ಹೆಸರೂ ಬಂದಿರಲಿಲ್ಲ. ಹೆಂಗಸರ ಸಂಗ್ರಹವನ್ನು ಸ್ಟುಡಿಯೋದ ತಂಡವೇ ಸಿದ್ಧಪಡಿಸಿ ಪ್ಯಾರಿಸ್‌ನಲ್ಲಿ ತೋರಿಸಿತು. ತಂಡ ತನ್ನಷ್ಟಕ್ಕೆ ನಿಲ್ಲಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. 2025ರ ಮಾರ್ಚ್‌ನಲ್ಲಿ ಒಪೆರಾ ಗಾರ್ನಿಯೆಯಲ್ಲಿ ಕ್ಲಾಸ್ನರ್ ತಮ್ಮ ಹೆಸರಿನಲ್ಲಿ ಮೊದಲ ಸಂಗ್ರಹ ತಂದಾಗ ನೋಡಿದವರು ಮೆಚ್ಚಿದರು. ಗುರುವಿನ ಬಣ್ಣದ ಧೈರ್ಯ ಅದರಲ್ಲಿತ್ತು, ರಂಗಭೂಮಿಯ ವೇಷಭೂಷಣದ ಕಡೆಗಿನ ಒಲವು ಅವರದೇ ಆಗಿತ್ತು.

ನನ್ನ ವಾದದ ವಿರುದ್ಧ ಮೊದಲು ಎತ್ತುವ ಹೆಸರು ವರ್ಜಿನಿ ವಿಯಾರ್ಡ್. ಕಾರ್ಲ್ ಲಾಗರ್‌ಫೆಲ್ಡ್ ಬಳಿ ಮೂರು ದಶಕ ಕೆಲಸ ಮಾಡಿ, 2019ರಲ್ಲಿ ಅವರು ತೀರಿಕೊಂಡ ಮೇಲೆ ಶನೆಲ್ ವಹಿಸಿಕೊಂಡ ಅವರ ಉಡುಪುಗಳನ್ನು ವಿಮರ್ಶಕರು ಸಪ್ಪೆ ಎಂದರು. 2024ರ ಜೂನ್‌ನಲ್ಲಿ ಅವರು ಹೊರಬಂದಾಗ 'ನೋಡಿ, ಒಳಗಿನವರಿಂದ ಆಗುವುದಿಲ್ಲ' ಎಂಬ ಮಾತು ಗಟ್ಟಿಯಾಯಿತು. ಅವರ ಕೆಲವು ಸಂಗ್ರಹಗಳು ನಿಜಕ್ಕೂ ದುರ್ಬಲವಾಗಿದ್ದವು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ 2018ರಲ್ಲಿ 1,110 ಕೋಟಿ ಡಾಲರ್ ಇದ್ದ ಶನೆಲ್ ವಹಿವಾಟು 2023ರಲ್ಲಿ 1,970 ಕೋಟಿ ಡಾಲರ್ ಆಗಿತ್ತು. ಇದರಲ್ಲಿ ಕೈಚೀಲಗಳ ಬೆಲೆ ಏರಿಸಿದ ಪಾಲೂ ದೊಡ್ಡದು. ಹಾಗಿದ್ದರೂ ಅವರ ಕೈಯಲ್ಲಿ ಮನೆ ಮುಳುಗಿತು ಎನ್ನಲು ಆಧಾರವಿಲ್ಲ. ಅವರ ಜಾಗಕ್ಕೆ ಬಂದ ಮ್ಯಾಥ್ಯೂ ಬ್ಲೇಝಿಯ ದಾರಿಯನ್ನೂ ನೋಡಿ. ಮಾರ್ಟಿನ್ ಮಾರ್ಜೆಲಾ ತಮ್ಮ ಸಂಸ್ಥೆ ಬಿಟ್ಟ ಮೇಲೆ ಅದನ್ನು ನಡೆಸಿದ, ಹೆಸರು ಹೇಳಿಕೊಳ್ಳದ ತಂಡದಲ್ಲಿ ಅವರು ದುಡಿದವರು. ಮುಂದೆ ಬೊಟ್ಟೆಗಾ ವೆನೆಟಾದಲ್ಲಿ ಎರಡನೆಯ ಸ್ಥಾನದಲ್ಲಿದ್ದು, 2021ರಲ್ಲಿ ಅಲ್ಲಿಂದಲೇ ಮೊದಲನೆಯ ಸ್ಥಾನಕ್ಕೆ ಏರಿದವರು. ಇಂದು ತಾರೆ ಎಂದು ಕರೆಸಿಕೊಳ್ಳುವ ವ್ಯಕ್ತಿ ತಯಾರಾದದ್ದು ಹೀಗೆ.

ದೊಡ್ಡ ಹೆಸರಿನ ದಾರಿ ಹಿಡಿದ ಮನೆಗೆ ಏನಾಯಿತು ಎಂದು ತಿಳಿಯಲು ಜಿವಾಂಶಿ ಸಾಕು. ಆಡ್ರಿ ಹೆಪ್‌ಬರ್ನ್‌ಗೆ ಉಡುಪು ಮಾಡಿಕೊಟ್ಟ ಉಬೆರ್ ದ ಜಿವಾಂಶಿ 1995ರಲ್ಲಿ ನಿವೃತ್ತರಾದರು. ಜಾನ್ ಗ್ಯಾಲಿಯಾನೊ ಬಂದರು, ಹೋದರು. ಅಲೆಕ್ಸಾಂಡರ್ ಮೆಕ್ವೀನ್ ಬಂದರು. ಕತ್ತರಿ ಹಿಡಿದರೆ ಸರಿಸಾಟಿ ಇಲ್ಲದ ಕೈ, ಆದರೆ ಆ ಮನೆಯ ಮೃದು ಸ್ವಭಾವಕ್ಕೂ ಅವರ ಕೋಪಕ್ಕೂ ಕೂಡಿಬರಲಿಲ್ಲ. 1995ರಿಂದ 2024ರವರೆಗೆ ಅಲ್ಲಿ ಆರು ಮಂದಿ ಕೂತೆದ್ದರು. ರಿಕಾರ್ಡೊ ಟಿಶಿ ಒಬ್ಬರನ್ನು ಬಿಟ್ಟರೆ ಯಾರೂ ಬಹುಕಾಲ ನಿಲ್ಲಲಿಲ್ಲ. ಏಳನೆಯವರು ಸಾರಾ ಬರ್ಟನ್. ಅವರು 1996ರಲ್ಲಿ ವಿದ್ಯಾರ್ಥಿನಿಯಾಗಿ ಮೆಕ್ವೀನ್ ಬಳಿ ಸೇರಿ, 2010ರಲ್ಲಿ ಅವರು ತೀರಿಕೊಂಡ ಮೇಲೆ ಆ ಸಂಸ್ಥೆಯನ್ನು ಹದಿಮೂರು ವರ್ಷ ನಡೆಸಿದವರು. 2011ರಲ್ಲಿ ಕೇಟ್ ಮಿಡಲ್‌ಟನ್ನರ ಮದುವೆಯ ಉಡುಪು ಅವರ ಕೈಯಿಂದಲೇ ಬಂತು. ಮೆಕ್ವೀನ್ ಸಾವಿನಂಥ ದುರಂತದ ನಂತರ ಒಳಗಿನವರಲ್ಲದೆ ಬೇರೆ ಯಾರು ಆ ಕಾರ್ಯಾಗಾರವನ್ನು ಹಿಡಿದು ನಿಲ್ಲಿಸಬಹುದಿತ್ತು?

ಆಂಟ್ವರ್ಪ್‌ನಲ್ಲೇ ಇನ್ನೂ ಸ್ಪಷ್ಟವಾದ ಪಾಠ ಇದೆ. ಆರು ಮಂದಿಯಲ್ಲಿ ಒಬ್ಬರಾದ ಆನ್ ಡೆಮ್ಯೂಲೆಮೀಸ್ಟರ್ 2013ರಲ್ಲಿ ತಮ್ಮ ಸಂಸ್ಥೆಯಿಂದ ಹಿಂದೆ ಸರಿದರು. ಮುಂದೆ ಹೊಸ ಮಾಲೀಕರು 2022ರ ಕೊನೆಗೆ ಸುದ್ದಿಯಲ್ಲಿದ್ದ ಲುಡೋವಿಕ್ ದ ಸೇಂಟ್ ಸೆರ್ನಿನ್‌ರನ್ನು ತಂದು ಕೂರಿಸಿದರು. ಒಂದೇ ಪ್ರದರ್ಶನ, ಅಷ್ಟರಲ್ಲಿ ದಾರಿ ಬೇರೆಯಾಯಿತು. 2023ರ ಜೂನ್‌ನಲ್ಲಿ ಅದೇ ತಂಡದಲ್ಲಿದ್ದ ಸ್ಟೆಫಾನೊ ಗಾಲಿಚಿಗೆ ಹೊಣೆ ಒಪ್ಪಿಸಿದರು. ವ್ಯಾಲೆಂಟಿನೊ ಗಾರವಾನಿ 2008ರಲ್ಲಿ ನಿವೃತ್ತರಾದಾಗಲೂ ಗುಚ್ಚಿಯಲ್ಲಿ ಹೆಸರು ಮಾಡಿದ್ದ ಅಲೆಸ್ಸಾಂಡ್ರಾ ಫಾಕ್ಕಿನೆಟ್ಟಿಯನ್ನು ಕರೆತಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಳಿಸಿಬಿಟ್ಟಿದ್ದರು. ಆಮೇಲೆ 1999ರಿಂದ ಅಲ್ಲೇ ಕೈಚೀಲ, ಪಾದರಕ್ಷೆ ಮಾಡುತ್ತಿದ್ದ ಮಾರಿಯಾ ಗ್ರಾತ್ಸಿಯಾ ಕ್ಯೂರಿ ಮತ್ತು ಪಿಯೆರ್‌ಪಾವ್ಲೊ ಪಿಚ್ಚೋಲಿ ಆ ಮನೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಹೊರಗಿನವರು ಎಂದೂ ಬರಬಾರದು ಎಂದು ನಾನು ಹೇಳುತ್ತಿಲ್ಲ. ಲಾಗರ್‌ಫೆಲ್ಡ್ 1983ರಲ್ಲಿ ಶನೆಲ್‌ಗೆ ಬಂದಾಗ ಹೊರಗಿನವರೇ. ಆದರೆ ಕೊಕೊ ಶನೆಲ್ ತೀರಿಕೊಂಡು ಹನ್ನೆರಡು ವರ್ಷ ಕಳೆದಿತ್ತು, ಸುಗಂಧದ್ರವ್ಯದ ಬಲದಲ್ಲಿ ಹೆಸರು ಉಳಿದಿತ್ತು. ಆ ಮನೆಯನ್ನು ಹೊಸದಾಗಿ ಎಬ್ಬಿಸಬೇಕಿತ್ತು. ಜೀವಂತ ಮೇಳದ ಕಥೆ ಬೇರೆ. ಯಕ್ಷಗಾನದಲ್ಲಿ ಸಂಗೀತಗಾರ ಎನಿಸಿಕೊಂಡ ಕಿರಿಯ ಪೂರ್ವರಂಗಕ್ಕೆ ಹಾಡಿ ಹಾಡಿ, ಮುಖ್ಯ ಭಾಗವತರ ಪದ್ಯ ಕಿವಿಗೆ ಇಳಿಸಿಕೊಂಡು, ಚೆಂಡೆ ಮದ್ದಳೆಯವರ ಮರ್ಜಿ ಅರಿತು, ಒಂದು ರಾತ್ರಿ ಭಾಗವತರ ಸ್ಥಾನದಲ್ಲಿ ಕೂರುತ್ತಾನೆ. ವೇಷಧಾರಿಗೆ ಅವನ ಮೇಲೆ ಭರವಸೆ ಇರುವುದು ಆ ಹಿಂದಿನ ರಾತ್ರಿಗಳ ಕಾರಣದಿಂದ.

ಇನ್ನೊಂದು ವಾದ ಹೆಚ್ಚು ಗೌರವದ್ದು: ಕಲಾವಿದ ಹೋದ ಮೇಲೆ ಬಾಗಿಲು ಮುಚ್ಚಬೇಕು. ಬಾಲೆನ್ಸಿಯಾಗ 1968ರಲ್ಲಿ ಮುಚ್ಚಿದರು. ಈವ್ ಸೇಂಟ್ ಲಾರೆಂಟ್ 2002ರ ಜನವರಿಯಲ್ಲಿ ವಿದಾಯ ಹೇಳಿ, ಅದೇ ವರ್ಷ ತಮ್ಮ ಕುಟೂರ್ ವಿಭಾಗ ನಿಲ್ಲಿಸಿದರು. ಇದರಲ್ಲಿ ಘನತೆ ಇದೆ, ನಿಜ. ಆದರೆ ಎರಡೂ ಕಡೆ ಹೆಸರು ಮುಚ್ಚಲಿಲ್ಲ. ಸುಗಂಧದ ಸೀಸೆಯ ಮೇಲೆ, ಬೇರೆಯವರು ಮಾಡಿದ ಉಡುಪಿನ ಮೇಲೆ ಅದು ಮುಂದುವರಿಯಿತು. ಹೊರಬಿದ್ದದ್ದು ಹೊಲಿಗೆಯ ಜನ. ಹೆಸರನ್ನು ಮಾರಿಕೊಂಡು ಕೈಗಳನ್ನು ಬಿಡುವುದರಲ್ಲಿ ಕಲಾವಿದನಿಗೆ ಯಾವ ಗೌರವ ಉಳಿಯುತ್ತದೆಯೋ ನನಗೆ ಕಾಣದು.

ನಮ್ಮ ನೆರೆಯ ಗೋವಾದಲ್ಲಿ ವಸ್ತ್ರವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ ಈ ಹಸ್ತಾಂತರವನ್ನು ಸರಿಯಾಗಿ ಮಾಡಿ ತೋರಿಸಿದ್ದರು. ಕುಣಬಿ ಹೆಂಗಸರ ಚೌಕುಳಿಯ ಕೆಂಪು ಹತ್ತಿಸೀರೆಗೆ ಮತ್ತೆ ಜೀವ ಕೊಟ್ಟವರು ಅವರು. ಜೋಯಿಡಾದ ಕಾಡಿನ ಕುಣಬಿಗಳನ್ನು ಬಲ್ಲ ಉತ್ತರ ಕನ್ನಡದವರಿಗೆ ಆ ಸೀರೆಯ ಬೆಲೆ ಹೇಳಬೇಕಿಲ್ಲ. 2016ರಲ್ಲಿ, ಇನ್ನೂ ಕೆಲಸ ಮಾಡುವ ಶಕ್ತಿ ಇರುವಾಗಲೇ, ತಮ್ಮ ಲೇಬಲನ್ನು ತಮ್ಮ ಕೈಕೆಳಗೆ ಪಳಗಿದ ಶುಲೆನ್ ಫರ್ನಾಂಡಿಸ್‌ಗೆ ಒಪ್ಪಿಸಿ, ತಾವು ಬರವಣಿಗೆಗೆ, ಗೋವಾದ ಉಡುಪುಗಳ ವಸ್ತುಸಂಗ್ರಹಾಲಯದ ಕೆಲಸಕ್ಕೆ ಹೊರಳಿದರು. 2020ರ ಫೆಬ್ರುವರಿಯಲ್ಲಿ ಅವರು ಹಠಾತ್ತನೆ ತೀರಿಕೊಂಡಾಗ ಲೇಬಲ್ ಅನಾಥವಾಗಿರಲಿಲ್ಲ.

ವಾನ್ ನೋಟೆನ್ ಕೂಡ ಆತುರಪಡಲಿಲ್ಲ. 2018ರಲ್ಲಿ ಸಂಸ್ಥೆಯ ಹೆಚ್ಚಿನ ಪಾಲನ್ನು ಸ್ಪೇನ್‌ನ ಪುಯಿಗ್ ಕಂಪನಿಗೆ ಮಾರಿದ ಮೇಲೆ ಆರು ವರ್ಷ ಇದ್ದು ತಂಡ ಕಟ್ಟಿದರು. ಇನ್ನು ಉಳಿದದ್ದು ಮಾಲೀಕರ ತಾಳ್ಮೆ. ಡಿಯೋರ್‌ನಲ್ಲಿ ಮಾರ್ಕ್ ಬೊಹಾನ್ 1960ರಿಂದ 1989ರವರೆಗೆ ಸದ್ದಿಲ್ಲದೆ ಕೆಲಸ ಮಾಡಿದರು, ಅವರಿಗೆ ಆ ಕಾಲಾವಕಾಶ ಸಿಕ್ಕಿತ್ತು. ಫಾಕ್ಕಿನೆಟ್ಟಿಗೆ ಒಂದು ವರ್ಷವೂ ಸಿಗಲಿಲ್ಲ. ಆಯ್ಕೆ ಎಷ್ಟೇ ಸರಿಯಿದ್ದರೂ, ಎರಡು ಋತುವಿನ ಮಾರಾಟ ಇಳಿದ ಕೂಡಲೇ ದೊಡ್ಡ ಹೆಸರಿನ ಬೇಟೆ ಮತ್ತೆ ಶುರುವಾಗುತ್ತದೆ, ಪತ್ರಿಕೆಗಳೂ ಅದಕ್ಕೆ ದನಿಗೂಡಿಸುತ್ತವೆ. ಆ ದಿನ ಬಂದರೆ ಪುಯಿಗ್ ಮಾಡಬೇಕಾದದ್ದು ಮಾರಾಟದ ಲೆಕ್ಕದ ಜೊತೆಗೆ ಕೋಲ್ಕತ್ತಕ್ಕೆ ಆ ಋತುವಿನಲ್ಲಿ ಎಷ್ಟು ಕೆಲಸ ಹೋಯಿತು ಎಂಬ ಲೆಕ್ಕವನ್ನೂ ತರಿಸಿಕೊಂಡು ನೋಡುವುದು, ನೋಡಿದ ಮೇಲೆ ಕ್ಲಾಸ್ನರ್‌ಗೆ ಇನ್ನಷ್ಟು ವರ್ಷ ಕೊಡುವುದು.