ಹೆಸರಿನ ಋಣ

ಕಳೆದ ತಿಂಗಳು ನಮ್ಮ ಬಿ.ಎ. ವಿದ್ಯಾರ್ಥಿಗಳನ್ನು ಕರೆದುಕೊಂಡು ನವಿಲುತೀರ್ಥಕ್ಕೆ ಹೋಗಿದ್ದೆ. ಎರಡು ಗುಡ್ಡಗಳ ನಡುವೆ ಮಲಪ್ರಭೆಯನ್ನು ತಡೆದ ಅಣೆಕಟ್ಟು. ಅದರ ಹಿಂದೆ ದೃಷ್ಟಿ ಹರಿಯುವವರೆಗೂ ರೇಣುಕಾಸಾಗರದ ನೀರು. ಬುತ್ತಿ ಬಿಚ್ಚಿ ಉಂಡಾದ ಮೇಲೆ ಹುಡುಗರೆಲ್ಲ ನಗುತ್ತ ಮಾತನಾಡುತ್ತಿದ್ದರು. ಒಬ್ಬ ಮಾತ್ರ ಮೊಬೈಲ್ ನೋಡುತ್ತ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ. ಏನೆಂದು ವಿಚಾರಿಸಿದೆ.

"ನಾ ಕಟ್ಟಿದ ಬಸ್ಸಿನ್ಯಾಗ ಇನ್ನೊಬ್ಬ ತನ್ನ ಹೆಸರ ಹಾಕ್ಕೊಂಡಾನ್ರಿ ಸರ್" ಎಂದ.

ಓದುಗರಲ್ಲಿ ಹಲವರಿಗೆ ಈ ಮಾತು ನನಗಾದಂತೆಯೇ ಒಗಟಾಗಬಹುದು. ಇಂಡೋನೇಷ್ಯಾದ ಮಾಲಿಯೋ ಎಂಬ ಸಂಸ್ಥೆ 2017ರಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಎಂಬ ಆಟವನ್ನು ಹೊರತಂದಿತು. ಮೊಬೈಲಿನ ತೆರೆಯ ಮೇಲೆ ಬಸ್ಸು ನಡೆಸುವುದೇ ಆಟ. ಆಡುವವರು ತಾವು ಬಣ್ಣ ಬಳಿದ, ತಾವೇ ರೂಪಿಸಿದ ವಾಹನವನ್ನೂ ಅದರೊಳಗೆ ಸೇರಿಸಬಹುದು. ಈ ಸೇರ್ಪಡೆಗೆ ಮಾಡ್ ಎನ್ನುತ್ತಾರೆ. ಅಸೆಟ್ಟೋ ಕೋರ್ಸಾದಂಥ ಕಾರುಪಂದ್ಯದ ಆಟಗಳಿಗೂ ಜಗತ್ತಿನ ಹವ್ಯಾಸಿಗಳು ಹೀಗೆಯೇ ಕಾರುಗಳನ್ನೂ ಪಂದ್ಯದ ದಾರಿಗಳನ್ನೂ ಕಟ್ಟಿ ಹಂಚುತ್ತಾರೆ. ನಮ್ಮ ನಾಡಿನ ತರುಣರು ಕಟ್ಟಿರುವುದು ಕರ್ನಾಟಕದ ಸಾರಿಗೆ ಬಸ್ಸುಗಳನ್ನು. ಈ ಹುಡುಗ ರಜೆಯೆಲ್ಲ ಕುಳಿತು ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸೊಂದನ್ನು ಮಾಡಿ, ಹಣೆಗೆ ಸವದತ್ತಿಯ ಬೋರ್ಡು ಹಚ್ಚಿ, ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟಿದ್ದ.

"ಕೊಟ್ಟಿದ್ದಕ್ಕ ಬ್ಯಾಸರಿಲ್ರಿ. ಹೆಸರ ಅಳಿಸಿದ್ದಕ್ಕ ಬ್ಯಾಸರ ಆತು."

ಹುಡುಗರ ಆಟದ ಜಗಳಕ್ಕೆ ಸಾಹಿತ್ಯದ ಪುಟದಲ್ಲೇನು ಕೆಲಸ ಎಂದು ಕೇಳಬಹುದು. ಕೊಡುವುದು ಬೇರೆ, ಕಳೆದುಕೊಳ್ಳುವುದು ಬೇರೆ ಎಂಬ ಅವನ ವಿವೇಕ ಸಾಹಿತ್ಯದಲ್ಲೂ ಬಹಳ ಹಳೆಯದು.

ಹದಿಮೂರನೆಯ ಶತಮಾನದ ಒಂದೇ ಮನೆಯ ಇಬ್ಬರನ್ನು ನೋಡೋಣ. ಮಲ್ಲಿಕಾರ್ಜುನನು ಹಿಂದಿನ ಕಾವ್ಯಗಳಿಂದ ಸೊಗಸಾದ ಪದ್ಯಗಳನ್ನು ಆಯ್ದು, ವರ್ಣನೆಗಳಿಗೆ ತಕ್ಕಂತೆ ಜೋಡಿಸಿ 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದ. ಇದು ಕನ್ನಡಕ್ಕೆ ಮಾಡಿದ ಮಹೋಪಕಾರವೇ ಸರಿ. ಆದರೆ ಯಾವ ಪದ್ಯ ಯಾರದೆಂದು ಆತ ಹೇಳಲಿಲ್ಲ. ಆ ಪದ್ಯಗಳ ತವರನ್ನು ಹುಡುಕುವ ಕೆಲಸ ಶತಮಾನಗಳ ತರುವಾಯ ವಿದ್ವಾಂಸರ ಪಾಲಿಗೆ ಬಂತು. ಆತನ ಮಗ ಕೇಶಿರಾಜ. 'ಶಬ್ದಮಣಿದರ್ಪಣ'ದ ಆರಂಭದಲ್ಲಿ ತನಗೆ ಆಧಾರವಾದ ಪೂರ್ವಕವಿಗಳನ್ನು ಹೆಸರು ಹಿಡಿದು ನೆನೆದ. ಅವರಲ್ಲಿ ಗುಣನಂದಿ, ಅಸಗರ ಕನ್ನಡ ಕೃತಿಗಳು ಇಂದು ನಮ್ಮ ಕೈಗೆ ದೊರೆತಿಲ್ಲ. ಕೃತಿ ಹೋದರೂ ಹೆಸರು ಉಳಿದಿದೆ. ತಂದೆಯ ಸಂಕಲನದಲ್ಲಿ ಪದ್ಯ ಉಳಿದು ಹೆಸರು ಹೋಯಿತು. ಎರಡನ್ನೂ ಓದುವಾಗ, ಹೆಸರು ಹೇಳುವುದಕ್ಕೆ ಎಷ್ಟು ಅಲ್ಪ ಸ್ಥಳ ಸಾಕು ಎಂದು ಆಶ್ಚರ್ಯವಾಗುತ್ತದೆ.

ಹಾಗೆಂದು ಪರರ ಕೃತಿಯನ್ನು ಮುಟ್ಟಲೇಬಾರದೆಂದಲ್ಲ. ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಅಪರಾಳ ತಮ್ಮಣ್ಣ ರಚಿಸಿದ್ದನ್ನು ಕುಲಗೋಡ ತಮ್ಮಣ್ಣ ಬಯಲಾಟಕ್ಕೆ ಹೊಂದಿಸಿದ. ಆ ತಿದ್ದುಪಡಿ ಇಲ್ಲದಿದ್ದರೆ ಆಟ ಊರೂರಿನ ಬಯಲಿಗೆ ಇಳಿಯುತ್ತಿತ್ತೇ ಎಂಬುದು ಸಂಶಯ. ಇಬ್ಬರಿಗೂ ಒಂದೇ ಹೆಸರು. ಊರು ಬಿಟ್ಟು ಹೇಳಿದರೆ ಇಬ್ಬರಲ್ಲೊಬ್ಬರಿಗೆ ಅನ್ಯಾಯ. ಮೊದಲನೆಯವನ ಋಣವನ್ನು ಒಪ್ಪಿಕೊಂಡ ಮಾತ್ರಕ್ಕೆ ಎರಡನೆಯವನ ಪ್ರತಿಭೆ ಕಿರಿದಾಗುವುದಿಲ್ಲ.

ಬಸ್ಸಿನ ಮಾಡ್ ಕೂಡ ಇಂಥದೇ ಕೂಡುಕೆಲಸ. ಒಬ್ಬ ಬಸ್ಸಿನ ಆಕಾರ ಕಟ್ಟುತ್ತಾನೆ, ಒಬ್ಬ ಬಣ್ಣ ಹಚ್ಚುತ್ತಾನೆ, ಮತ್ತೊಬ್ಬ ಹಾರ್ನಿನ ಸದ್ದು ಕೂಡಿಸುತ್ತಾನೆ. ಆಟವೇ ಮೂರನೆಯವರ ಸೊತ್ತು, ಬಸ್ಸಿನ ರೂಪ ಸಾರಿಗೆ ಸಂಸ್ಥೆಯದು. ಇಲ್ಲಿ ಹಕ್ಕಿನ ಮಾತೆತ್ತಿದರೆ ಎಲ್ಲರೂ ಸಾಲಗಾರರೇ. ಆದ್ದರಿಂದ ಈ ತರುಣರನ್ನು ಒಂದುಗೂಡಿಸಿರುವುದು ಕಾನೂನಿಗಿಂತ ಹೆಚ್ಚಾಗಿ ಸೌಜನ್ಯ: ಕೇಳಿ ತೆಗೆದುಕೊಳ್ಳಬೇಕು, ತೆಗೆದುಕೊಂಡದ್ದನ್ನು ಹೇಳಬೇಕು. ಇದರಲ್ಲಿ ಪ್ರಯೋಜನವೂ ಉಂಟು. ಆಟದ ಹೊಸ ಆವೃತ್ತಿ ಬಂದಾಗ ಹಳೆಯ ಮಾಡ್ ಕೆಡುವುದುಂಟು. ಕಟ್ಟಿದವನ ಹೆಸರಿಲ್ಲದಿದ್ದರೆ ದುರಸ್ತಿಗೆ ಯಾರನ್ನು ಕೇಳುವುದು? ಹೆಸರು ಅಳಿಸುವವರು ಹೆಚ್ಚಾದಾಗ ಕಟ್ಟುವವರು ಬೀಗ ಹಾಕತೊಡಗುತ್ತಾರೆ. ಕಲಿಯಬಂದ ಹೊಸಬನಿಗೂ ಬಾಗಿಲು ಮುಚ್ಚುತ್ತದೆ.

ನಾನು ಹುಡುಗನಿಗೆ ಸಮಾಧಾನ ಹೇಳಿ ಒಂದು ಪ್ರಶ್ನೆ ಹಾಕಿದೆ: "ನೀನು ಯಾರಿಂದ ಏನು ತಗೊಂಡಿ?" ಅವನು ಮೊಬೈಲಿನಲ್ಲಿ ಪಟ್ಟಿ ತೋರಿಸಿದ. ಚಕ್ರ ಯಾರದು, ಒಳಗಿನ ಸೀಟು ಯಾರದು, ಎಲ್ಲ ಇತ್ತು. ಹಾರ್ನಿನ ಹೆಸರು ಮಾತ್ರ ಇರಲಿಲ್ಲ. "ಎಲ್ಲಿಂದ ಬಂತೋ ಗೊತ್ತಿಲ್ರಿ" ಎಂದು ತಲೆ ತಗ್ಗಿಸಿದ.

ಅವನನ್ನು ಆಕ್ಷೇಪಿಸುವ ಅಧಿಕಾರ ನನಗಿರಲಿಲ್ಲ. ಎಂ.ಎ. ಓದುತ್ತಿದ್ದಾಗ ಇದೇ ಮಲಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ಒಬ್ಬ ಮುದುಕಿ ನನಗೆ ಎರಡು ದಿನ ಬೀಸುಕಲ್ಲಿನ ಪದ ಹಾಡಿದ್ದಳು, ರೊಟ್ಟಿಯನ್ನೂ ಹಾಕಿದ್ದಳು. ಆ ಪದಗಳು ಮುಂದೆ ನನ್ನದೊಂದು ಪುಟ್ಟ ಪುಸ್ತಕವಾದವು. ಹೊದಿಕೆಯ ಮೇಲೆ 'ಸಂಗ್ರಹ' ಎಂದು ನನ್ನ ಹೆಸರಿದೆ. ಆಕೆಯ ಹೆಸರು ಒಳಗೂ ಇಲ್ಲ, ನನ್ನ ಟಿಪ್ಪಣಿಯಲ್ಲೂ ಇಲ್ಲ. "ಆಯಿ" ಎಂದು ಕರೆದೆ, ಅಷ್ಟಕ್ಕೇ ಸಾಕೆನಿಸಿತು. ಜಾನಪದಕ್ಕೆ ಕರ್ತೃವಿಲ್ಲ ಎಂದು ತರಗತಿಯಲ್ಲಿ ಪಾಠ ಹೇಳುವಾಗಲೂ ನನ್ನ ಮನಸ್ಸು ಅಳುಕಲಿಲ್ಲ. ಪದ ಕಟ್ಟಿದವರು ಯಾರೆಂಬುದು ಕಾಲದಲ್ಲಿ ಮರೆತುಹೋಗಿರಬಹುದು. ಎದುರಿಗೆ ಕುಳಿತು ಹಾಡಿದವಳನ್ನು ಮರೆತದ್ದು ಕಾಲವಲ್ಲ, ನಾನು.

ಹುಡುಗ ಆ ಸಂಜೆಯೇ ಪಟ್ಟಿಗೆ ಒಂದು ಸಾಲು ಸೇರಿಸಿದ: ಹಾರ್ನು ತನ್ನದಲ್ಲ, ಮಾಡಿದವರು ತಿಳಿಸಿದರೆ ಹೆಸರು ಹಾಕುವೆ, ಎಂದು. ಬರುವ ರಜೆಯಲ್ಲಿ ನಾನೂ ಆ ಹಳ್ಳಿಗೆ ಹೋಗಿ, ಆಕೆಯ ಮನೆಯವರನ್ನು ಕಂಡು, ಹೆಸರು ಕೇಳಿ ಬರೆದುಕೊಂಡು ಬರಬೇಕೆಂದಿದ್ದೇನೆ.